ಒಂದೇ ಕೂಗು

ಯಸಳೂರು ಹೋಬಳಿಯಲ್ಲಿ ಕುಳ್ಳಯ್ಯನಂಥ ಪುಕ್ಕಲು ಇನ್ನೊಬ್ಬನಿಲ್ಲ ಎಂದು ವರ್ಷಗಟ್ಟಲೆ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಬಸ್ಸಿನಲ್ಲಿ ಹೇಳಿದ್ದೇನೆ, ಮದುವೆಮನೆಯ ಪಂಕ್ತಿಯಲ್ಲಿ ಕೂತು ಹೇಳಿದ್ದೇನೆ, ಜನ ಎಲೆ ಮುಂದೆ ನಗುತ್ತಾ ಕೂತಿದ್ದನ್ನು ನೋಡಿ ಇನ್ನಷ್ಟು ಸೇರಿಸಿ ಹೇಳಿದ್ದೇನೆ. ಅವನು ತೀರಿಕೊಂಡ ಮೇಲೆ ಆ ಕತೆ ಹೇಳುವುದನ್ನು ಬಿಟ್ಟೆ. ಅದರಲ್ಲಿ ನಾನು ನುಂಗಿಕೊಂಡಿದ್ದ ಒಂದು ಮಾತಿದೆ. ಅದನ್ನು ಇಲ್ಲಿ ಬರೆಯುತ್ತೇನೆ.

ನಾನು ರಾಜೇಶ. ಬೈನೆಹಳ್ಳ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಹಾಜರಿ ಹಾಕುವುದು, ಆಳುಗಳಿಗೆ ಕೆಲಸ ಹಂಚುವುದು, ಸಂಜೆ ಕೊಯ್ದ ಹಣ್ಣು ಅಳೆಸುವುದು, ಮಧ್ಯೆ ಕೈಗೆ ಸಿಕ್ಕವರ ಮೇಲೆ ರೇಗುವುದು. ಹಾಸನದಲ್ಲಿ ಬಿ.ಕಾಂ. ಮಾಡಿದವನೆಂಬ ಜಂಭ ಬೇರೆ ಇತ್ತು.

ಕುಳ್ಳಯ್ಯ ಆಲೂರು ಕಡೆಯ ಪಾಳ್ಯದವನು. ಸಣ್ಣವನಿದ್ದಾಗಲೇ ಎಸ್ಟೇಟಿಗೆ ಬಂದು ಆಳುಗಳ ಲೈನ್ ಮನೆಯಲ್ಲಿ ನೆಲೆ ನಿಂತವನು. ಹೆಸರಿಗೆ ತಕ್ಕ ಆಳು, ನನ್ನ ಭುಜಕ್ಕೆ ಬರುತ್ತಿದ್ದ. ಅವನ ಕೆಲಸ ಮರಗಸಿ, ಅಂದರೆ ಕಾಫಿಗೆ ಬಿಸಿಲು ಬೀಳುವಂತೆ ನೆರಳಿನ ಮರ ಹತ್ತಿ ಕೊಂಬೆ ಸವರುವುದು. ಅರವತ್ತು ಅಡಿ ಮೇಲೆ ಒಂದು ಕೈಯಲ್ಲಿ ಕೊಂಬೆ ಹಿಡಿದು, ಇನ್ನೊಂದು ಕೈಯಲ್ಲಿ ಕತ್ತಿ ಬೀಸುತ್ತಾ, ಕೆಳಗಿದ್ದ ಹೆಂಡತಿ ಹುಲಿಯಮ್ಮನ ಜೊತೆ ಸಾರಿಗೆ ಏನು ಹಾಕಬೇಕೆಂದು ಚರ್ಚೆ ಮಾಡುತ್ತಿದ್ದ. ಮರ ಇಳಿದು ನೆಲಕ್ಕೆ ಕಾಲಿಟ್ಟರೆ ಮಾತ್ರ ಅವನಿಗೆ ಹೆದರಿಕೆ ಶುರು. ಜೀಪಿನ ಸದ್ದಿಗೆ ಹೆದರುತ್ತಿದ್ದ, ಇಂಜೆಕ್ಷನ್ನಿಗೆ ಹೆದರುತ್ತಿದ್ದ, ಮುಸ್ಸಂಜೆಗೆ ಹೆದರುತ್ತಿದ್ದ. ಎಲ್ಲಕ್ಕಿಂತ ಆನೆಗೆ ಹೆದರುತ್ತಿದ್ದ, ಆ ಹೆಸರನ್ನೇ ಬಾಯಲ್ಲಿ ತರುತ್ತಿರಲಿಲ್ಲ. 'ಅದು' ಎನ್ನುತ್ತಿದ್ದ, ಅಷ್ಟೇ.

ಹೆದರಿಕೆಗೆ ಕಾರಣವೂ ಇತ್ತು. ಅವನ ತಮ್ಮ ದಾಸಯ್ಯ ಇಪ್ಪತ್ತು ವರ್ಷದವನಿದ್ದಾಗ ಒಂದು ಮುಸ್ಸಂಜೆ ಹಳ್ಳದ ಕಡೆಯಿಂದ ಯಾರೋ ಕೂಗಿದರಂತೆ. ಅವರಮ್ಮನ ದನಿಯ ಹಾಗೇ ಇತ್ತಂತೆ. ದಾಸಯ್ಯ ಒಂದೇ ಕೂಗಿಗೆ 'ಓ' ಎಂದು ಓಗೊಟ್ಟು ಇಳಿದು ಹೋದ. ಅಮ್ಮ ಮನೆಯೊಳಗೇ ಇದ್ದಳು. ದಾಸಯ್ಯನನ್ನು ಆನೆ ತುಳಿದದ್ದು ಮಾರನೆ ಬೆಳಿಗ್ಗೆ ಗೊತ್ತಾಯಿತು.

ಲೈನಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಮುಸ್ಸಂಜೆಯಲ್ಲಿ ಯಾರು ಕೂಗಿದರೂ ಮೂರನೇ ಕೂಗಿನ ತನಕ ಓಗೊಡಬಾರದು. ಮನುಷ್ಯನಾದರೆ ಮೂರು ಸಲ ಕೂಗುತ್ತಾನೆ. ಮನುಷ್ಯನಲ್ಲದ್ದು ಒಂದು ಸಲವೋ ಎರಡು ಸಲವೋ ಕೂಗಿ ಸುಮ್ಮನಾಗುತ್ತದೆ. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ಸುಮ್ಮನೆ ಗೊತ್ತಿರುತ್ತದೆ. ನಾನು ಓದಿದವನಾದ್ದರಿಂದ ಇದಕ್ಕೆಲ್ಲ ನಗುತ್ತಿದ್ದೆ. ಹಗಲು ಹೊತ್ತಿನಲ್ಲಿ ನಗುತ್ತಿದ್ದೆ ಎಂದು ಬರೆದರೆ ಸರಿಯಾದೀತು.

ಎರಡು ಸಾವಿರದ ಎರಡನೇ ಇಸವಿ ಅಕ್ಟೋಬರಿನಲ್ಲಿ ಹಾಸನದಿಂದ ಎಸ್ಟೇಟಿನ ಸಾಹುಕಾರ್ ತೋಟಪ್ಪನವರ ಫೋನ್ ಬಂತು. ಇಥಿಯೋಪಿಯಾ ದೇಶದ ಒಬ್ಬ ಹುಡುಗ ಬೆಂಗಳೂರಿನಲ್ಲಿ ಕೃಷಿ ಓದುತ್ತಿದ್ದಾನೆ, ಕಾಫಿ ಗಿಡ ಒಣಗಿಸುವ ಬೋರರ್ ಹುಳದ ಮೇಲೆ ಏನೋ ಬರೆಯಬೇಕಂತೆ, ಹಳೇ ಬಂಗಲೆಯ ಪಕ್ಕದ ರೂಮು ಕೊಡು, ಮೂರು ತಿಂಗಳು ಇರುತ್ತಾನೆ ಎಂದರು. ಅವನ ಕಾಗದಪತ್ರ ಹಿಡಿದುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿಸಿ, ನನ್ನ ರುಜು ತಗೊಂಡು, "ಹೊರದೇಶದ ಹುಡುಗ ರೀ. ಹೆಂಗೆ ಬಂದಿದಾನೋ ಹಂಗೇ ವಾಪಸ್ ಹೋಗ್ಬೇಕು. ಸೈನ್ ಹಾಕಿರೋರು ನೀವು" ಎಂದರು. ಅಷ್ಟೇ ಮಾತು. ಅವನು ಹೋಗುವವರೆಗೂ ಆ ರುಜು ನನ್ನ ತಲೆಯಿಂದ ಇಳಿಯಲಿಲ್ಲ.

ಹುಡುಗನ ಹೆಸರು ತೆಸ್ಫಾಯೆ. ಇಪ್ಪತ್ತಾರು ವರ್ಷ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತು ಮೆತ್ತಗೆ. ಎರಡು ವರ್ಷ ಬೆಂಗಳೂರಿನಲ್ಲಿದ್ದು ಬಸ್ಸು, ಹೋಟೆಲಿಗೆ ಸಾಕಾಗುವಷ್ಟು ಕನ್ನಡ ಕಲಿತಿದ್ದ. ಯಸಳೂರಿನಿಂದ ಸಕಲೇಶಪುರಕ್ಕೆ ಮೊದಲ ಸಲ ಬಸ್ಸಿನಲ್ಲಿ ಹೋದಾಗ ಇಡೀ ಬಸ್ಸು ಹಿಂದೆ ತಿರುಗಿ ಅವನನ್ನೇ ನೋಡಿತಂತೆ. ಒಬ್ಬಳು ಮುದುಕಿ ಅವನ ಕೂದಲು ಮುಟ್ಟಿ ನೋಡಿದಳಂತೆ. ಅವನು ಹೆದರಿ ಎರಡು ಸ್ಟಾಪು ಮೊದಲೇ ಇಳಿದು ನಡೆದುಕೊಂಡು ಹೋದ. ಇಂಬಳ ಎಂಬ ಜಿಗಣೆ ಕಚ್ಚಿದ ಮೊದಲ ದಿನ ಸಾಕ್ಸು ಬಿಚ್ಚಿ ರಕ್ತ ನೋಡಿ ಕೂತುಬಿಟ್ಟಿದ್ದ. ಹುಲಿಯಮ್ಮ ಸುಣ್ಣ ಹಚ್ಚಿ, ಅಕ್ಕಿರೊಟ್ಟಿ ಕೊಟ್ಟು, "ಅಳ್ಬ್ಯಾಡ ಮಗಾ, ಅದಕ್ಕೂ ಹೊಟ್ಟೆ ಐತೆ" ಎಂದಳು.

ಕಾಫಿ ವಿಚಾರದಲ್ಲಿ ಮಾತ್ರ ಅವನೇ ನಮಗೆ ಮೇಷ್ಟ್ರು. ನಾವು ಒಳ್ಳೆಯ ಬೀಜವನ್ನೆಲ್ಲ ಲಾರಿಗೆ ತುಂಬಿ ಕಳಿಸಿ, ಒಡಕು ಕಪ್ಪು ಬೀಜ ಹುರಿದು ಬೆಲ್ಲ ಹಾಕಿ ಕುಡಿಯುವುದನ್ನು ನೋಡಿ ಅವನಿಗೆ ನಂಬಲಾಗಲಿಲ್ಲ. ಭಾನುವಾರ ಹುಲಿಯಮ್ಮನ ರೊಟ್ಟಿ ಹೆಂಚಿನಲ್ಲೇ ಹಸಿ ಬೀಜ ಹುರಿದು, ಹೊಗೆಯನ್ನು ಎಲ್ಲರ ಮೂಗಿನ ಹತ್ತಿರ ಹಿಡಿದು, ಕುಟ್ಟಿ, ಕುದಿಸಿ ಕೊಟ್ಟ. ಅವರ ಕಡೆ ಮೂರು ಸಲ ಬಗ್ಗಿಸುತ್ತಾರಂತೆ, ಮೂರನೇ ಲೋಟ ಕುಡಿಯದೆ ಎದ್ದು ಹೋಗುವ ಹಾಗಿಲ್ಲವಂತೆ. ಕುಳ್ಳಯ್ಯ ಮಾತ್ರ ಒಂದೇ ಲೋಟಕ್ಕೆ ಎದ್ದು, "ಕತ್ಲಾಗ್ತೈತೆ" ಎಂದು ಓಡಿದ. ಆಗ ಗಂಟೆ ನಾಲ್ಕೂವರೆ.

ಈ ಹುಡುಗನ ಜೊತೆ ತೋಟಕ್ಕೆ ಯಾರನ್ನು ಕಳಿಸುವುದು ಎಂದು ಯೋಚಿಸಿ ಕುಳ್ಳಯ್ಯನನ್ನೇ ಹಾಕಿದ್ದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಇಷ್ಟು ಹೆದರುವವನು ಅಪಾಯದ ಹತ್ತಿರಕ್ಕೂ ಸುಳಿಯುವುದಿಲ್ಲ, ಹುಡುಗನನ್ನೂ ಸುಳಿಯಗೊಡುವುದಿಲ್ಲ. ಕುಳ್ಳಯ್ಯ ಮೊದಲ ದಿನವೇ ಹುಡುಗನನ್ನು ಕಣದ ಕಟ್ಟೆ ಮೇಲೆ ಕೂರಿಸಿಕೊಂಡು ಪಾಠ ಮಾಡಿದ.

"ಗಾಳಿ ಎತ್ಲಾಗಿಂದ ಬತ್ತದೆ ನೋಡ್ಕೊ. ಘಮ್ಮನ್ನೋ ಸೋಪ್ ಹಾಕ್ಬ್ಯಾಡ. ಬೈನೆ ಮರ ಸಿಗ್ದಾಕಿದ್ದು ಕಂಡ್ರೆ ಅದು ತಿರುಳು ತಿನ್ನಾಕೆ ಬಂದೈತೆ ಅಂತ, ಅಲ್ಲಿಂದ್ಲೇ ತಿರುಗ್ಬುಡು. ದಾರಿ ತಪ್ಪಿದ್ರೆ ಇದ್ದಲ್ಲೇ ನಿಂತ್ಕಂಡು ಒಂದೇ ಒಂದ್ ಸಲ ನನ್ನ ಕೂಗು. ಆಮೇಲೆ ಬಾಯ್ ಮುಚ್ಕಂಡು ಕೂತ್ಕೊ. ಎರಡ್ನೇ ಸಲ ಕೂಗಿದ್ರೆ ಅದು ನೀನೆಲ್ಲಿದ್ದೀಯ ಅಂತ ಗುರ್ತು ಹಿಡ್ಕಂಡು ಬತ್ತದೆ, ತಿಳೀತಾ?"

ತೆಸ್ಫಾಯೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡ. ದಿನಾ ಬೆಳಿಗ್ಗೆ ಹೊರಡುವ ಮುಂಚೆ ಕುಳ್ಳಯ್ಯ ಮಗ್ಗಿ ಕೇಳಿದ ಹಾಗೆ ಕೇಳುತ್ತಿದ್ದ. ಹುಡುಗ ನಗುತ್ತಾ ಬೆರಳೆತ್ತಿ, "ಕೂಗು, ಒಂದು ಸಲ. ಆಮೇಲೆ ಸುಮ್ಮನೆ" ಎನ್ನುತ್ತಿದ್ದ.

ಹುಡುಗ ಮುನ್ನೂರು ಗಿಡ ನೋಡಿ ಮುಗಿಸಬೇಕಿತ್ತು. ಬೋರರ್ ಬಿದ್ದ ಗಿಡದ ಕಾಂಡದ ಮೇಲೆ ಉಬ್ಬು ಎದ್ದಿರುತ್ತದೆ, ಅದನ್ನು ಎಣಿಸಿ, ಬರೆದು, ಗಿಡಕ್ಕೆ ಕೆಂಪು ಪಟ್ಟಿ ಕಟ್ಟುತ್ತಿದ್ದ. ಡಿಸೆಂಬರ್ ಮುಗಿಯುವುದರೊಳಗೆ ಆಗದಿದ್ದರೆ ಓದೇ ನಿಂತು ಹೋಗುತ್ತದೆ ಎಂದು ಒಂದು ದಿನ ನನ್ನ ಹತ್ತಿರ ಹೇಳಿಕೊಂಡ. "ಆನೆಗೆ ನನಗೂ ಹೆದರಿಕೆ ಇದೆ, ರಾಜೇಶ್ ಸರ್. ಆದರೆ ಖಾಲಿ ಕೈಯಲ್ಲಿ ಊರಿಗೆ ಹೋಗಿ ಅಪ್ಪನ ಎದುರು ನಿಲ್ಲುವುದಕ್ಕೆ ಇನ್ನೂ ಹೆದರಿಕೆ." ಅಪ್ಪ ಅಲ್ಲಿ ಒಂದು ಸಣ್ಣ ಊರಿನಲ್ಲಿ ಟೈಲರಂತೆ.

ಡಿಸೆಂಬರ್ ಎರಡನೇ ವಾರದ ಒಂದು ಗುರುವಾರ ಬೆಳಿಗ್ಗೆ ಫಾರೆಸ್ಟ್ ವಾಚರ್ ವೀರಭದ್ರಯ್ಯ ಸೈಕಲ್ ತಳ್ಳಿಕೊಂಡು ಬಂದ. ಎಡಕುಮೇರಿ ಕಡೆಯಿಂದ ಆರು ಆನೆ ಮೇಲೆ ಹತ್ತಿವೆ, ಅದರಲ್ಲಿ ಮರಿ ಇರುವ ತಾಯಿಯೊಂದಿದೆ, ಕೆಳಗಿನ ಬ್ಲಾಕಿಗೆ ಯಾರನ್ನೂ ಬಿಡಬೇಡಿ ಎಂದು ಹೇಳಿ ಹೋದ. ತೆಸ್ಫಾಯೆಗೆ ಉಳಿದಿದ್ದ ಹನ್ನೊಂದು ಗಿಡವೂ ಕೆಳಗಿನ ಬ್ಲಾಕಿನಲ್ಲೇ, ಹಳ್ಳದ ಪಕ್ಕದಲ್ಲೇ ಇದ್ದವು. ಮಧ್ಯಾಹ್ನ ಅವನು ನನ್ನ ಮೇಜಿನ ಮುಂದೆ ಬಂದು ನಿಂತ. ಬೆರಳಲ್ಲಿ ಹನ್ನೊಂದು ತೋರಿಸಿದ.

"ಬ್ಯಾಡ ರೈಟ್ರೇ. ನಾಳೆ ನಾಡಿದ್ದು ಅವು ಅತ್ಲಾಗೆ ಹೋಗ್ಬುಡ್ತವೆ, ಆಮೇಲೆ ನೋಡಾನ" ಎಂದ ಕುಳ್ಳಯ್ಯ.

ನನಗೆ ಅವತ್ತು ಹಣ್ಣಿನ ಲೋಡು ಹೋಗಬೇಕಿತ್ತು, ತಲೆ ಕೆಟ್ಟಿತ್ತು. "ನಿನ್ನ ಮಾತು ಕೇಳಿದ್ರೆ ಈ ಎಸ್ಟೇಟಿನಲ್ಲಿ ಯಾರೂ ಮನೆ ಬಾಗಿಲು ತೆಗೆಯೋ ಹಾಗಿಲ್ಲ. ಹೋಗಿ, ಮೂರೂವರೆಗೆ ವಾಪಸ್ ಬನ್ನಿ" ಎಂದು ರೇಗಿದೆ. ಕುಳ್ಳಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹುಡುಗನ ಹಿಂದೆ ಹೋದ.

ಮೂರೂವರೆ ಆಯಿತು, ನಾಲ್ಕೂವರೆ ಆಯಿತು. ಅಷ್ಟರಲ್ಲಿ ಘಾಟಿ ಕಡೆಯಿಂದ ಮಂಜು ಎದ್ದು ತೋಟವನ್ನು ಮುಚ್ಚಿತು. ಹತ್ತು ಮಾರಿನ ಆಚೆ ಸಿಲ್ವರ್ ಓಕ್ ಮರ ಕಾಣದಾಯಿತು. ಹಣ್ಣು ಅಳೆಸಿ, ಗಂಡನಿಗೆ ಕಾದು ನಿಂತ ಹುಲಿಯಮ್ಮನನ್ನು ಬಿಟ್ಟು ಉಳಿದ ಹೆಂಗಸರನ್ನೆಲ್ಲ ಲೈನಿಗೆ ಕಳಿಸಿ ಕಣದ ಅಂಚಿಗೆ ಬಂದು ನಿಂತೆ. ಐದೂವರೆ ಹೊತ್ತಿಗೆ ಕುಳ್ಳಯ್ಯ ಟ್ರ್ಯಾಕ್ಟರ್ ದಾರಿಯಲ್ಲಿ ಓಡುತ್ತಾ ಬಂದ. ಒಬ್ಬನೇ.

"ಹುಡುಗ ಎಲ್ಲಿ?"

"ಬಂದಿಲ್ವಾ? ಎಣ್ಸೋದು ತಡ ಆತು, ಹಳ್ಳದ ಆಚೆ ಮರ ಮುರಿಯೋ ಸದ್ದಾತು. ಓಡು ಅಂದೆ. ಇಬ್ರೂ ಓಡ್ದೋ. ನಾನಿತ್ಲಾಗೆ ಬಂದೆ, ಅವ್ನು ಕಾಲ್ದಾರೀಲಿ ಹತ್ತಿದ, ಬಂಗಲೆ ತಾವಕ್ಕೆ ಬಂದಿರ್ತಾನೆ." ಹುಡುಗ ದಿನಾ ಹತ್ತುತ್ತಿದ್ದದ್ದು ಆ ಕಾಲುದಾರಿಯಲ್ಲೇ. ಹುಲಿಯಮ್ಮ ರೂಮು ನೋಡಿ ಬರುತ್ತೇನೆಂದು ಬಂಗಲೆ ಕಡೆ ಹೋದಳು. ಕಣದ ಅಂಚಿನಲ್ಲಿ ನಾನೂ ಕುಳ್ಳಯ್ಯನೂ ಇಬ್ಬರೇ ಉಳಿದೆವು.

ಆಗ ಕೆಳಗಿನಿಂದ ಕೂಗು ಬಂತು.

"ಕುಳ್ಳಯ್ಯಣ್ಣಾ..."

ಮಂಜಿನೊಳಗಿಂದ ಬಂದದ್ದರಿಂದ ಯಾವ ದಿಕ್ಕು, ಎಷ್ಟು ದೂರ ಗೊತ್ತಾಗಲಿಲ್ಲ. ಹುಡುಗನ ದನಿಯ ಹಾಗೇ ಇತ್ತು. ಆದರೆ ಹುಡುಗ ಬಂಗಲೆಯಲ್ಲಿದ್ದಾನೆ, ಬಂಗಲೆ ನಮ್ಮ ಬೆನ್ನ ಹಿಂದೆ ಮೇಲಿದೆ. ಕೆಳಗಿನಿಂದ ಕೂಗಿದ್ದು ಯಾರು? ಕುಳ್ಳಯ್ಯನ ಕೈ ಟವೆಲನ್ನು ಹಿಂಡುತ್ತಿತ್ತು. ತುಟಿ ಅಲ್ಲಾಡುತ್ತಿತ್ತು, ದನಿ ಹೊರಡಲಿಲ್ಲ. ಎರಡನೇ ಕೂಗಿಗೆ ಕಾಯುತ್ತಿದ್ದಾನೆಂದು ನನಗೆ ಗೊತ್ತಾಯಿತು. ಗೊತ್ತಾಗಿದ್ದು ಹೇಗೆಂದರೆ, ನಾನೂ ಕಾಯುತ್ತಿದ್ದೆ.

ಬಿ.ಕಾಂ. ಎಲ್ಲಿ ಹೋಯಿತೋ. 'ಓ' ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಬಾಯಿ ತೆರೆದರೆ ಸಾಕಿತ್ತು. ದಾಸಯ್ಯನ ಕತೆ ನೆನಪಿಗೆ ಬಂತು. ಕುಳ್ಳಯ್ಯ ಒಮ್ಮೆ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ, ಏನೂ ಕೇಳಿಸದವನ ಹಾಗೆ. ಎರಡನೇ ಕೂಗು ಬರಲಿಲ್ಲ. ಎಲ್ಲೋ ಕೆಳಗೆ ಬೈನೆ ಮರ ಲಟಲಟನೆ ಮುರಿದ ಸದ್ದು ಬಂತು. ಹಾಗೇ ನಿಂತಿದ್ದೆವು. ಹತ್ತು ನಿಮಿಷವಿರಬಹುದು, ಹದಿನೈದೂ ಇರಬಹುದು.

ಹುಲಿಯಮ್ಮ ಏದುಸಿರು ಬಿಡುತ್ತಾ ಬಂದಳು. "ರೂಮಿಗೆ ಬೀಗ ಐತೆ. ಬಂದೇ ಇಲ್ಲ ಅವ್ನು."

ಕುಳ್ಳಯ್ಯ ನೆಲಕ್ಕೆ ಕುಸಿದ. "ಕೆಳಗಿಂದ ಕೂಗ್ತು ಕಣೇ. ಒಂದೇ ಸಲ ಕೂಗ್ತು. ಇನ್ನೊಂದ್ಸಲ ಕೂಗಿದ್ರೆ ಓ ಅಂತಿದ್ದೆ. ಒಂದೇ ಸಲ..."

"ಥೂ ನಿನ್ನ! ಒಂದೇ ಸಲ ಕೂಗ್ಬೇಕು ಅಂತ ಆ ಮಗಿಗೆ ಹೇಳ್ಕೊಟ್ಟೋನು ನೀನೇ ಅಲ್ವೇನಯ್ಯಾ?"

ಕುಳ್ಳಯ್ಯ ಎದ್ದ. ಅಷ್ಟು ವರ್ಷ ನೋಡಿದ ಮನುಷ್ಯನ ಮುಖ ಅದಾಗಿರಲಿಲ್ಲ. ಹೆದರಿಕೆ ಇತ್ತು, ಮೊದಲಿಗಿಂತ ಹೆಚ್ಚೇ ಇತ್ತು, ಕಾಲು ನಡುಗುವುದು ನನಗೆ ಕಾಣುತ್ತಿತ್ತು. ಆ ನಡುಗುವ ಕಾಲಲ್ಲೇ ಕಾಲುದಾರಿಗೆ ಬಿದ್ದು ಮಂಜಿನೊಳಗೆ ಓಡಿದ. ಓಡುತ್ತಲೇ ಕೂಗಿದ. ಒಂದು ಸಲವಲ್ಲ, ಉಸಿರು ತಿರುಗಿದಾಗಲೆಲ್ಲ ಕೂಗಿದ. "ಓ... ಓ ಮಗಾ! ಬಂದೆ ಕಣೋ! ಓ..." ಅವನು ಹೇಳಿಕೊಟ್ಟಿದ್ದ ಪಾಠವನ್ನೆಲ್ಲ ತಾನೇ ಮುರಿದು, ತಾನೆಲ್ಲಿದ್ದೇನೆಂದು ಆರು ಆನೆಗೂ ಸಾರಿಕೊಂಡು ಹೋದ.

ಸ್ಟೋರಿನಿಂದ ಪಟಾಕಿ, ಬೆಂಕಿಪೊಟ್ಟಣ ತಗೊಂಡು ನಾನೂ ಇಳಿದೆ. ಎಲ್ಲಿಯವರೆಗೆ? ಎರಡನೇ ತಿರುವಿನವರೆಗೆ. ಮುಂದೆ ಹಸಿ ಲದ್ದಿಯ ವಾಸನೆ ಬಂತು, ಕಾಲು ನಿಂತುಬಿಟ್ಟಿತು. ನಾಲ್ಕು ಕಡ್ಡಿ ಮುರಿದು ಐದನೆಯದರಲ್ಲಿ ಪಟಾಕಿ ಹಚ್ಚಿ ಎಸೆದೆ. ಕೆಳಗೆ ಏನೋ ಭಾರವಾದದ್ದು ಗಿಡಗಳ ನಡುವೆ ನುಗ್ಗಿಕೊಂಡು ಹಳ್ಳದ ಕಡೆ ಹೋಯಿತು. ಕುಳ್ಳಯ್ಯನ ಕೂಗು ನಿಂತುಹೋಯಿತು. ಅದು ನಿಂತ ಹೊತ್ತಿನಲ್ಲಿ ನಾನು ದೇವರ ಹೆಸರನ್ನೆಲ್ಲ ಹೇಳಿ ಮುಗಿಸಿದ್ದೆ.

ಆಮೇಲೆ ಮಂಜಿನೊಳಗಿಂದ ಇಬ್ಬರೂ ಬಂದರು. ಕುಳ್ಳಯ್ಯ ಬಗ್ಗಿ ಹುಡುಗನನ್ನು ಬೆನ್ನ ಮೇಲೆ ಹೊತ್ತಿದ್ದ. ಹುಡುಗನ ಉದ್ದ ಕಾಲುಗಳು ನೆಲಕ್ಕೆ ಉಜ್ಜುತ್ತಿದ್ದವು. ಕಾಲುದಾರಿ ಪಕ್ಕ ನೀರು ಇಂಗಲು ತೋಡಿದ ಗುಂಡಿಯೊಂದು ತರಗೆಲೆ ಮುಚ್ಚಿಕೊಂಡಿತ್ತು, ಓಡುವಾಗ ಅದರೊಳಗೆ ಬಿದ್ದು ಕಾಲು ಉಳುಕಿಸಿಕೊಂಡಿದ್ದ. ಕೂಗಿದ ಮೇಲೆ ತಾಯಾನೆ ಗುಂಡಿಯ ಹತ್ತಿರವೇ ಬಂದು ನಿಂತಿತ್ತಂತೆ, ಅದರ ಹೊಟ್ಟೆ ಗುಡುಗುಡು ಎನ್ನುವುದು ಕೇಳುತ್ತಿತ್ತಂತೆ. ಅವನು ಬಾಯಿಗೆ ಟೋಪಿ ತುರುಕಿಕೊಂಡು ಕೂತಿದ್ದ.

ಕಣದಲ್ಲಿ ಇಳಿಸಿದ ಮೇಲೂ ಅವನು ಹಿಡಿತ ಬಿಡಲಿಲ್ಲ. ಕುಳ್ಳಯ್ಯನ ಕೈ ಹಿಡಿದುಕೊಂಡು, ತನಗೆ ಬರುವ ಕನ್ನಡದಲ್ಲಿ ಹೇಳಿದ: "ಒಂದೇ ಸಲ ಕೂಗಿದೆ, ಅಣ್ಣ. ಸರಿ ಮಾಡಿದೆನಾ?"

ಕುಳ್ಳಯ್ಯ ಗೊಳೋ ಎಂದು ಅತ್ತುಬಿಟ್ಟ.

ಭಾನುವಾರ ತೋಟಪ್ಪನವರು ಕಾರಿನಲ್ಲಿ ಬಂದು ಕಣದ ಮಧ್ಯೆ ಕುರ್ಚಿ ಹಾಕಿಸಿಕೊಂಡು ಕೂತರು. ಅಷ್ಟು ಹೊತ್ತು ಹುಡುಗ ಗುಂಡಿಯಲ್ಲಿದ್ದದ್ದು ಹೇಗೆ, ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದರು. ನನಗೆ ಸ್ಟೇಷನ್ನಿನ ರುಜು ನೆನಪಾಯಿತು. ಆನೆ ಇದೆ ಎಂದು ಗೊತ್ತಿದ್ದೂ ಕಳಿಸಿದವನು ನಾನು ಎನ್ನುವುದು ನೆನಪಾಯಿತು. ಕುಳ್ಳಯ್ಯ ಎದುರಿಗೇ ನಿಂತಿದ್ದ.

"ಇವನಿಗೆ ಕೂಗು ಕೇಳಿಸಿದೆ ಸಾರ್. ದೆವ್ವ ಅಂದ್ಕೊಂಡು ಸುಮ್ಮನೆ ನಿಂತಿದಾನೆ. ಏನು ಮಾಡೋದು ಹೇಳಿ, ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ" ಎಂದೆ. ದನಿ ಸರಾಗವಾಗಿ ಬಂತು. ಅವತ್ತು ಸಂಜೆ ಬಾರದ ದನಿ.

ಸುತ್ತ ನಿಂತವರೆಲ್ಲ ನಕ್ಕರು. ಸಾಹುಕಾರರು ನಗಲಿಲ್ಲ. ಇನ್ನು ಮುಂದೆ ಇವನು ಹುಡುಗನ ಜೊತೆ ಹೋಗುವುದು ಬೇಡ ಎಂದರು. ಕುಳ್ಳಯ್ಯ ನನ್ನನ್ನು ಒಂದು ಕ್ಷಣ ನೋಡಿದ. ಬೈಗುಳವಿರಲಿಲ್ಲ ಆ ನೋಟದಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಹೂ ಸ್ವಾಮಿ" ಎಂದಷ್ಟೇ ಹೇಳಿ ಕತ್ತಿ ತಗೊಂಡು ಹೋದ. ಮಾರನೆ ದಿನದಿಂದ ಮಕ್ಕಳು ಕೂಡ 'ಕುಳ್ಳಯ್ಯಣ್ಣಾ' ಎಂದು ರಾಗವಾಗಿ ಒಂದು ಸಲ ಕೂಗಿ ಅಡಗಿ ಕೂರತೊಡಗಿದವು. ಅವನು ಪ್ರತಿ ಸಲವೂ 'ಓ' ಎನ್ನುತ್ತಿದ್ದ. ಮೂರು ಸಲ ಕಾಯುವುದನ್ನು ಬಿಟ್ಟುಬಿಟ್ಟಿದ್ದ. ಮಕ್ಕಳಿಗೆ ನಗು, ಅವನಿಗೆ ಮೈ ಬೆವರು.

ತೆಸ್ಫಾಯೆ ಕಾಲಿಗೆ ಪಟ್ಟು ಹಾಕಿಕೊಂಡು ರೂಮಿನಲ್ಲೇ ಕೂತ. ಹನ್ನೊಂದರಲ್ಲಿ ಅವತ್ತು ಏಳು ಮುಗಿದು ನಾಲ್ಕು ಗಿಡ ಬಾಕಿ ಉಳಿದಿದ್ದವು, ತಿಂಗಳು ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಕುಳ್ಳಯ್ಯ ಒಂದು ಕೋಲು ತಂದು ಅವನ ಮುಂದೆ ಇಟ್ಟ. ಕೋಲಿನ ಮೇಲೆ ಕತ್ತಿಯಲ್ಲಿ ಕಚ್ಚು ಹಾಕಿದ್ದ. ಒಂದು ಗಿಡಕ್ಕೆ ಏಳು ಉಬ್ಬು, ಒಂದಕ್ಕೆ ಎರಡು, ಒಂದಕ್ಕೆ ಹನ್ನೆರಡು, ಇನ್ನೊಂದಕ್ಕೆ ಏನೂ ಇಲ್ಲ. ಅಪ್ಪಣೆ ಇಲ್ಲದೆ, ಯಾರಿಗೂ ಹೇಳದೆ, ಕೆಳಗಿನ ಬ್ಲಾಕಿಗೆ ಒಬ್ಬನೇ ಹೋಗಿ ಎಣಿಸಿಕೊಂಡು ಬಂದಿದ್ದ. ಗಿಡಕ್ಕೆ ಕಟ್ಟಲು ಕೆಂಪು ಪಟ್ಟಿ ಇರಲಿಲ್ಲವೆಂದು ಹುಲಿಯಮ್ಮನ ಹಳೇ ಸೀರೆ ಅಂಚು ಹರಿದು ಕಟ್ಟಿದ್ದನಂತೆ.

ಜನವರಿಯಲ್ಲಿ ಹುಡುಗ ಹೊರಟ. ಹಿಂದಿನ ದಿನ ಸಂಜೆ ಲೈನಿನ ಮುಂದೆ ಕಾಫಿ ಹುರಿದ. ಮೊದಲ ಲೋಟವಾಯಿತು, ಎರಡನೆಯದಾಯಿತು. ಹೊತ್ತು ಮುಳುಗುತ್ತಿತ್ತು. ಕುಳ್ಳಯ್ಯ ಮಂಡಿ ಅಲ್ಲಾಡಿಸುತ್ತಾ, ಕತ್ತಲಾಗುವುದನ್ನು ನೋಡುತ್ತಾ, ಏಳದೆ ಕೂತೇ ಇದ್ದ. ಮೂರನೇ ಸಲ ಬಗ್ಗಿಸುವಾಗ ತೆಸ್ಫಾಯೆ ತಲೆಯೆತ್ತದೆ ಕೇಳಿದ.

"ಅವತ್ತು ನನ್ನ ಕೂಗು ಎಷ್ಟು ಜನಕ್ಕೆ ಕೇಳಿಸಿತು?"

ಯಾರೂ ನಗಲಿಲ್ಲ. ನಾನು ಲೋಟ ಕೆಳಗಿಟ್ಟೆ. ಕುಳ್ಳಯ್ಯ ಹೇಳಿಬಿಡುತ್ತಾನೆ ಎಂದು ಕಾದೆ. ಹೇಳಲಿ ಎಂದೂ ಅನ್ನಿಸಿತು, ಹೇಳದಿರಲಿ ಎಂದೂ ಅನ್ನಿಸಿತು. ಹೆದರಿಕೆ ಎಂದರೆ ಏನೆಂದು ನನಗೆ ಪೂರ್ತಿ ಗೊತ್ತಾಗಿದ್ದು ಆಗಲೇ. ಆನೆಯ ಲದ್ದಿ ವಾಸನೆ ಬಂದಾಗಲೂ ಅಷ್ಟು ಹೆದರಿರಲಿಲ್ಲ.

ಕುಳ್ಳಯ್ಯ ನನ್ನ ಕಡೆ ನೋಡಲೂ ಇಲ್ಲ. ಲೋಟ ಈಸಿಕೊಂಡು, "ನನ್ಗೊಬ್ನಿಗೇ ಕಣ್ ಮಗಾ" ಎಂದ.

ನಾನು ಮೂರನೇ ಲೋಟ ಕುಡಿದು ಎದ್ದು ಬಂದೆ. ಆಮೇಲೆ ಕುಳ್ಳಯ್ಯ ಏಳು ವರ್ಷ ಬದುಕಿದ್ದ, ದಿನಾ ಬೆಳಿಗ್ಗೆ ನಾನು ಹಾಜರಿ ಕೂಗುವಾಗ ಮೊದಲ ಸಲಕ್ಕೇ 'ಓ' ಎನ್ನುತ್ತಿದ್ದ. ಹುಡುಗನಿಗೆ ಈ ಬರಹ ಓದಲು ಬರುವುದಿಲ್ಲ, ಕುಳ್ಳಯ್ಯನಿಗೆ ಇನ್ನು ತಲುಪುವುದಿಲ್ಲ. ಆದರೂ ಬರೆಯುತ್ತೇನೆ. ಅವತ್ತು ಆ ಕೂಗು ಕೇಳಿಸಿಕೊಂಡವರು ಇಬ್ಬರು.